ಔಷಧಿ ಹೊಡೆದ ದಿನ ಕಾಲು ತೂರಾಡಿದ್ರೆ ಏನ್ ನೋಡ್ಬೇಕು, ಏನ್ ಮಾಡ್ಬೇಕು

ಬೇಲಿ ತಡಮೆ ದಾಟೋಕೆ ನಮ್ಮ ತೋಟದಲ್ಲಿ ಕೆಲಸ ಮಾಡೋ ಮಂಜಣ್ಣ ಕಾಲೆತ್ತಿದ. ಕಾಲೇನೋ ಎದ್ದಿತು, ಆದ್ರೆ ಎಲ್ಲಿ ಇಡ್ಬೇಕು ಅನ್ನೋದು ಆ ಕಾಲಿಗೇ ಗೊತ್ತಾಗ್ಲಿಲ್ಲ, ಗಾಳೀಲಿ ಒಂದ್ ಸುತ್ತು ಹಾಕಿ ಮತ್ತೆ ಹಿಂದಕ್ಕೇ ಬಂತು. ಎರಡನೇ ಸಲ ಎತ್ತಿದ, ಅಡ್ಡಗಳಕ್ಕೆ ತಗುಲಿಸ್ಕೊಂಡು ಮುಗ್ಗರಿಸಿದ. ನಾನು ಕಣದಲ್ಲಿ ನಿಂತು ನೋಡ್ತಾ ಇದ್ದೆ, ನಾಲ್ಕು ಗಂಟೆಗೇ ಹಾಕ್ಕೊಂಡ್ ಬಂದಿದಾನಲ್ಲ ಅಂತ ಮೈ ಉರೀತು. ಒಳಗಿಂದ ಅಮ್ಮ ಬಂದು ನೋಡಿ, ಮಾಲೆ ಹಾಕಿರೋನು ಕುಡೀತಾನೇನೋ ಮಂಕೆ ಅಂದ್ರು, ಆಗ ನನಗೆ ಜ್ಞಾನ ಬಂತು. ಅಯ್ಯಪ್ಪ ಮಾಲೆ ಹಾಕಿ ನಾಲ್ಕು ದಿನ ಆಗಿತ್ತು ಅವನಿಗೆ, ಕಪ್ಪು ಪಂಚೆ, ಬರಿಗಾಲು. ಬರಿಗಾಲಲ್ಲೇ ಬೆಳಗ್ಗೆಯಿಂದ ಬೆನ್ನಿಗೆ ಸ್ಪ್ರೇಯರ್ ಹಾಕ್ಕೊಂಡು ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಅಂತ ಕೀಟನಾಶಕ ಕ್ಲೋರ್‌ಪೈರಿಫಾಸ್ ಹೊಡೀತಾ ಇದ್ದ. ಅಕ್ಟೋಬರಲ್ಲೇ ಮುಗೀಬೇಕಿದ್ದ ಕೆಲಸ, ಮಳೆ ಬಿಡ್ಲಿಲ್ಲ, ನವೆಂಬರ್ ಮೂರನೇ ವಾರಕ್ಕೆ ಬಂತು, ನಾನೂ ಅವಸರದಲ್ಲಿ ಕಾಲು ನೋಡ್ಲಿಲ್ಲ.

ಇದು ಮೂಡಿಗೆರೆ ಕಡೆ ನಮ್ಮ ಐದೆಕರೆ ತೋಟದ ಕಥೆ. ನಾನು ಡಾಕ್ಟರಲ್ಲ, ಪಿಯುಸಿ ಸೈನ್ಸ್ ಓದಿ ತೋಟಕ್ಕೆ ಬಂದೋನು. ಆ ದಿನ ಆದ್ಮೇಲೆ ಡಾಕ್ಟರ್‌ಗಳನ್ನ ಕೇಳಿ, ರಿಸರ್ಚ್ ಪೇಪರ್‌ಗಳನ್ನ ತಡಕಾಡಿ, ಡಬ್ಬಿ ಹಿಂದಿನ ಸಣ್ಣಕ್ಷರ ಓದಿ, ನಮ್ಮ ತೋಟಕ್ಕೆ ಅಂತ ಒಂದು ಪದ್ಧತಿ ಮಾಡ್ಕೊಂಡೆ. ಅದನ್ನೇ ಇಲ್ಲಿ ಬರೀತಿದೀನಿ, ಕಾಫಿ, ಮೆಣಸು, ಶುಂಠಿ, ಆಲೂಗಡ್ಡೆ ಯಾವುದಕ್ಕೆ ಹೊಡಿಯೋರಿಗೂ ಆಗುತ್ತೆ.

ಮಿದುಳಲ್ಲಿ ಏನಾಗುತ್ತೆ ಅಂತ ಮೊದ್ಲು ತಿಳ್ಕೊಳಿ

ಕೊಯ್ಲು ಟೈಮಲ್ಲಿ ಸಂಜೆ ತೂಕ ನೋಡಿರ್ತೀರಲ್ಲ. ಒಬ್ಬೊಬ್ಬರ ಹಣ್ಣಿನ ಚೀಲ ತಕ್ಕಡಿ ಮೇಲೆ ಇಡ್ತಾರೆ, ಮುಳ್ಳು ತೋರಿಸುತ್ತೆ, ರೈಟರ್ ಬರ್ಕೋತಾನೆ, ತಕ್ಷಣ ಒಬ್ಬ ಆ ಚೀಲ ಎತ್ತಿ ಪಕ್ಕಕ್ಕೆ ಹಾಕ್ತಾನೆ, ಮುಳ್ಳು ಸೊನ್ನೆಗೆ ಬರುತ್ತೆ, ಮುಂದಿನ ಚೀಲ. ಈಗ ಆ ಎತ್ತೋ ಆಳಿನ ಕೈ ಕಟ್ಟಾಕಿ. ಚೀಲದ ಮೇಲೆ ಚೀಲ ಬೀಳುತ್ತೆ, ಮುಳ್ಳು ಸೊನ್ನೆಗೆ ಬರೋದೇ ಇಲ್ಲ, ಯಾರ ಹಣ್ಣು ಎಷ್ಟು ಅಂತ ದೇವರಿಗೂ ಗೊತ್ತಾಗಲ್ಲ, ಕೊನೆಗೆ ತಕ್ಕಡಿನೇ ಮುರ್ಕೊಂಡ್ ಬೀಳುತ್ತೆ.

ನರದಿಂದ ಮಾಂಸಖಂಡಕ್ಕೆ, ಮಿದುಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋ ರಾಸಾಯನಿಕಗಳಲ್ಲಿ ಒಂದು ಅಸಿಟೈಲ್‌ಕೋಲಿನ್, ಅದೇ ಚೀಲ. ಸುದ್ದಿ ಮುಟ್ಟಿದ ತಕ್ಷಣ ಅದನ್ನ ಒಡೆದು ಜಾಗ ಖಾಲಿ ಮಾಡೋ ಕಿಣ್ವ ಅಸಿಟೈಲ್‌ಕೋಲಿನ್‌ಎಸ್ಟರೇಸ್, ಅದೇ ಎತ್ತೋ ಆಳು, ಕಿಣ್ವದ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಚೀಲ ಎತ್ತುತ್ತೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್, ಮ್ಯಾಲಥಿಯಾನ್ ಇವೆಲ್ಲ ಆರ್ಗನೋಫಾಸ್ಫೇಟ್ ಜಾತಿ, ಇವುಗಳ ಕೆಲಸವೇ ಆ ಆಳಿನ ಕೈ ಕಟ್ಟೋದು. ಹುಳದ್ದೂ ಅಷ್ಟೇ, ನಮ್ದೂ ಅಷ್ಟೇ, ಕಿಣ್ವ ಹೆಚ್ಚುಕಡಿಮೆ ಒಂದೇ ತರ, ಅದಕ್ಕೇ ಹುಳಕ್ಕೆ ಹೊಡೆದಿದ್ದು ನಮಗೂ ಬೀಳುತ್ತೆ.

ನಡೆಯೋದು ಅಂದ್ರೆ ಬರೀ ಮಾಂಸಖಂಡ ಬಿಗಿಯೋದಲ್ಲ, ಸರಿಯಾದ ಹೊತ್ತಿಗೆ ಬಿಡೋದೂ ಹೌದು. ಮುಂದಿನ ಖಂಡ ಬಿಗಿಯುವಾಗ ಹಿಂದಿನದು ಸಡಿಲ ಆಗ್ಬೇಕು, ಈ ಟೈಮಿಂಗ್ ನೋಡ್ಕೊಳೋದು ತಲೆ ಹಿಂಭಾಗದಲ್ಲಿರೋ ಕಿರುಮಿದುಳು. ಮುಳ್ಳು ಸೊನ್ನೆಗೆ ಬರದೇ ಇದ್ರೆ ಬಿಡು ಅನ್ನೋ ಸುದ್ದಿನೇ ಇಲ್ಲ. ಮೊದ್ಲು ರೆಪ್ಪೆ, ತೋಳು ಅಲ್ಲಲ್ಲಿ ಪಟಪಟ ಅದುರುತ್ತೆ, ಆಮೇಲೆ ಹಿಡಿತ ತಪ್ಪುತ್ತೆ, ಆಮೇಲೆ ಶಕ್ತಿನೇ ಹೋಗುತ್ತೆ. ಮಂಜಣ್ಣ ತಡಮೆ ಹತ್ರ ಇದ್ದಿದ್ದು ಎರಡನೇ ಹಂತದಲ್ಲಿ.

ಈ ವಿಷ ಹುಟ್ಟಿದ್ದು ಹೇಗೆ ಅಂತ ಓದ್ದಾಗ ನನಗೆ ಒಂದು ವಿಷಯ ತಲೇಲಿ ಕೂತ್ಬಿಡ್ತು. 1936ರ ಡಿಸೆಂಬರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಅನ್ನೋ ರಸಾಯನಶಾಸ್ತ್ರಜ್ಞ ಹುಳ ಕೊಲ್ಲೋ ಹೊಸ ಔಷಧಿ ಹುಡುಕ್ತಾ ಇದ್ದೋನು ಟಬೂನ್ ಅನ್ನೋದನ್ನ ತಯಾರು ಮಾಡಿದ, ಸ್ವಲ್ಪ ದಿನದಲ್ಲೇ ಅವನಿಗೇ ಕಣ್ಣು ಮಂಜಾಯ್ತು, ಪಾಪೆ ಚಿಕ್ಕದಾಯ್ತು, ಉಸಿರು ಕಟ್ಟಿತು. ಟಬೂನ್ ಆಮೇಲೆ ಯುದ್ಧದ ವಿಷಾನಿಲ ಆಯ್ತು. ನಾವು ಶೆಡ್ಡಲ್ಲಿ ಯೂರಿಯಾ ಪಕ್ಕ ಇಡೋ ಕ್ಯಾನು ಅದರ ದೂರದ ನೆಂಟ ಅಷ್ಟೇ, ಶಕ್ತಿ ಬಹಳ ಕಮ್ಮಿ, ಆದ್ರೆ ಹಿಡಿಯೋ ಕಿಣ್ವ ಅದೇ.

ಡಬ್ಬಿ ಓದೋದು ಹೇಗೆ

ಅಂಗಡಿಯವನು ಹೇಳಿದ ಹೆಸರು ನಂಬ್ಬೇಡಿ, ಬ್ರ್ಯಾಂಡ್ ಹೆಸರು ಹತ್ತಿರುತ್ತೆ, ಒಳಗಿನ ಮಾಲು ಒಂದೇ. ಲೇಬಲ್‌ನಲ್ಲಿ ವಜ್ರಾಕಾರದ ಚೌಕ ಇರುತ್ತೆ, ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ಇಳೀತಾ ಹೋಗುತ್ತೆ. ಹಸಿರು ಅಂದ್ರೆ ಕುಡೀಬಹುದು ಅಂತಲ್ಲ ಮತ್ತೆ.

ಆದ್ರೆ ನಮ್ಮ ವಿಷಯಕ್ಕೆ ಬಣ್ಣಕ್ಕಿಂತ ಮುಖ್ಯ ಆಂಟಿಡೋಟ್, ಅಂದ್ರೆ ವಿಷಕ್ಕೆ ಪ್ರತಿಮದ್ದು, ಅಂತ ಬರೆದಿರೋ ಸಾಲು. ಅಲ್ಲಿ ಅಟ್ರೋಪಿನ್ ಅಂತ ಇದ್ರೆ ಇದು ಕಿಣ್ವದ ಕೈ ಕಟ್ಟೋ ಜಾತಿ ಅಂತ ತಿಳ್ಕೊಳಿ, ಆ ಸಾಲನ್ನ ಪೆನ್ನಲ್ಲಿ ಸುತ್ತಿ ಫೋನಲ್ಲಿ ಫೋಟೋ ಹೊಡೆದಿಟ್ಕೊಳಿ. ಅಟ್ರೋಪಿನ್ ಜೊತೆ ಪ್ರಾಲಿಡಾಕ್ಸಿಮ್ ಅಥವಾ ಪಿಎಎಂ ಅಂತಾನೂ ಇದ್ರೆ ಆರ್ಗನೋಫಾಸ್ಫೇಟ್. ಬರೀ ಅಟ್ರೋಪಿನ್ ಇದ್ರೆ ಸಾಮಾನ್ಯವಾಗಿ ಕಾರ್ಬಮೇಟ್ ಜಾತಿ, ಉದಾಹರಣೆಗೆ ಕಾರ್ಬೋಫ್ಯೂರಾನ್ ಹರಳು. ಕಾರ್ಬಮೇಟ್ ಕಟ್ಟಿದ ಗಂಟು ಕೆಲವು ಗಂಟೆಗಳಲ್ಲಿ, ಹೆಚ್ಚಂದ್ರೆ ಒಂದು ದಿನದಲ್ಲಿ ತಾನಾಗೇ ಬಿಚ್ಕೊಳುತ್ತೆ. ಆರ್ಗನೋಫಾಸ್ಫೇಟ್ ಗಂಟು ಹಾಗಲ್ಲ, ಹೊತ್ತು ಹೋದಂಗೆಲ್ಲ ಗಟ್ಟಿಯಾಗ್ತಾ ಹೋಗುತ್ತೆ, ಒಂದು ಹಂತ ದಾಟಿದ್ಮೇಲೆ ಪಿಎಎಂ ಕೊಟ್ರೂ ಬಿಚ್ಚಲ್ಲ, ದೇಹ ಹೊಸ ಕಿಣ್ವ ಮಾಡ್ಕೊಳೋವರೆಗೆ ಕಾಯ್ಬೇಕು.

ಹಳೇ ಡಬ್ಬಿ ಶೆಡ್ಡಲ್ಲಿ ಇದ್ರೆ ಹೆಸರು ನೋಡಿ. ಮೀಥೈಲ್ ಪ್ಯಾರಾಥಿಯಾನ್ 2018ರಲ್ಲೇ ಬ್ಯಾನ್ ಆಗಿದೆ, ಫೋರೇಟ್, ಡೈಕ್ಲೋರ್ವಾಸ್, ಟ್ರಯಜೋಫಾಸ್, ಫಾಸ್ಫಾಮಿಡಾನ್ 2020ರ ಕೊನೆಗೆ ನಿಂತಿವೆ. ಶುಂಠಿಗೆ ಅಂತ ಫೋರೇಟ್ ಹರಳು ಇನ್ನೂ ಇಟ್ಕೊಂಡಿರೋರನ್ನ ನಾನು ಕಣ್ಣಾರೆ ನೋಡಿದೀನಿ, ಬರಿಗೈಲಿ ಎರಚ್ತಾರೆ, ಏನ್ ಹೇಳೋದು.

ಮೈಗೆ ಎಲ್ಲಿಂದ ಹೋಗುತ್ತೆ

ಎಲ್ಲರೂ ಮೂಗಿಗೆ ಟವೆಲ್ ಕಟ್ತಾರೆ, ಕೆಳಗೆ ಚಡ್ಡಿ ಒದ್ದೆ ಆಗಿದ್ರೂ ನೋಡಲ್ಲ. ತೋಟದ ಕೆಲಸದಲ್ಲಿ ಜಾಸ್ತಿ ಹೋಗೋದು ಚರ್ಮದಿಂದ. ಪ್ಯಾರಾಥಿಯಾನ್ ಇಟ್ಕೊಂಡು ಮನುಷ್ಯರ ಮೇಲೇ ಹಿಂದೆ ಮಾಡಿದ ಒಂದು ಹಳೇ ಸಂಶೋಧನೆ ಇದೆ, ಮುಂಗೈ ಚರ್ಮಕ್ಕಿಂತ ಹಣೆ, ನೆತ್ತಿ ಸುಮಾರು ನಾಲ್ಕು ಪಟ್ಟು ಹೀರುತ್ತೆ, ವೃಷಣದ ಚರ್ಮ ಹತ್ತು ಪಟ್ಟಿಗೂ ಮೀರಿ ಹೀರುತ್ತೆ. ಸ್ಪ್ರೇಯರ್ ಮುಚ್ಚಳದ ವಾಶರ್ ಹೋಗಿದ್ರೆ ಔಷಧಿ ಬೆನ್ನಿಂದ ಇಳಿದು ಸೊಂಟಕ್ಕೆ, ಸೊಂಟದಿಂದ ಎಲ್ಲಿಗೆ ಹೋಗುತ್ತೆ ಅಂತ ನೀವೇ ಯೋಚಿಸಿ. ಮಂಜಣ್ಣನ ಪಂಚೆ ಹಿಂದೆ ಪೂರ್ತಿ ಒದ್ದೆ ಇತ್ತು, ಬೆವರು ಅನ್ಕೊಂಡಿದ್ದ ಅವನು.

ಅದಕ್ಕೆ ಔಷಧಿ ಹಾಕೋ ಮುಂಚೆ ಬರೀ ನೀರು ತುಂಬಿ, ಬೆನ್ನಿಗೆ ಹಾಕ್ಕೊಂಡು, ಹತ್ತು ಸಲ ಬಗ್ಗಿ ಏಳಿ, ಆಮೇಲೆ ಶರ್ಟ್ ಹಿಂದೆ ಕೈ ಆಡಿಸಿ ನೋಡಿ. ಒದ್ದೆ ಇದ್ರೆ ವಾಶರ್ ಬದಲಾಯಿಸಿ, ದುಡ್ಡೇನೂ ಜಾಸ್ತಿ ಆಗಲ್ಲ. ಗ್ಲೌಸ್ ನೈಟ್ರೈಲ್‌ದೇ ತಗೊಳಿ, ಬಟ್ಟೆದೋ ಚರ್ಮದ್ದೋ ಹಾಕಿದ್ರೆ ಅದು ಔಷಧಿ ಕುಡಿದು ಕೈಗೆ ಅಂಟಿಸಿ ಇಟ್ಕೊಳುತ್ತೆ, ಬರಿಗೈಗಿಂತ ಕೆಟ್ಟದ್ದು. ಪ್ಯಾಂಟು ಗಂಬೂಟಿನ ಹೊರಗೆ ಬರ್ಬೇಕು, ಒಳಗೆ ತುರುಕಿದ್ರೆ ಬೂಟೇ ಬಕೆಟ್ ಆಗುತ್ತೆ. ನಾಜಲ್ ಕಟ್ಟಿಕೊಂಡ್ರೆ ಬಾಯಲ್ಲಿ ಊದೋ ಅಭ್ಯಾಸ ಬಿಡಿ, ಒಂದು ಹಳೇ ಟೂತ್‌ಬ್ರಷ್ ದಾರ ಕಟ್ಟಿ ಸ್ಪ್ರೇಯರಿಗೇ ನೇತು ಹಾಕಿ. ಮಾಲೆ ಹಾಕಿರೋರು, ಬರಿಗಾಲು ವ್ರತ ಇರೋರು ಆ ದಿನಗಳಲ್ಲಿ ಔಷಧಿ ಕೆಲಸಕ್ಕೇ ಬರ್ಬಾರ್ದು, ಬೇರೆ ಕೆಲಸ ಕೊಡಿ, ಇದನ್ನ ಹೇಳೋದು ಕೂಲಿ ಕೊಡೋರ ಜವಾಬ್ದಾರಿ, ನಾನು ತಪ್ಪಿದ್ದೆ.

ಸೀಜನ್‌ಗೆ ಮುಂಚೆ ರಕ್ತ ಪರೀಕ್ಷೆ

ಇದನ್ನ ನಮ್ಮ ಕಡೆ ಯಾರೂ ಮಾಡ್ಸಲ್ಲ, ನನಗೆ ಅತ್ಯಂತ ಉಪಯೋಗ ಆಗಿದ್ದು ಇದೇ. ಕೋಲಿನ್‌ಎಸ್ಟರೇಸ್ ಟೆಸ್ಟ್ ಅಂತ ಕೇಳಿ. ಇದರಲ್ಲಿ ಎರಡು ತರ, ಒಂದು ಪ್ಲಾಸ್ಮಾದ್ದು, ಅಂದ್ರೆ ರಕ್ತದ ನೀರಿನ ಭಾಗದ್ದು, ಇನ್ನೊಂದು ಕೆಂಪು ರಕ್ತಕಣದ್ದು. ಮಿದುಳಿನ ಕಿಣ್ವವನ್ನ ಬದುಕಿರೋ ಮನುಷ್ಯನಲ್ಲಿ ತೆಗೆದು ನೋಡೋಕಾಗಲ್ಲ, ಕೆಂಪು ಕಣದ ಮೇಲಿರೋದು ಅದೇ ಕಿಣ್ವ, ಅದಕ್ಕೇ ಮಿದುಳಿನ ಬದಲಿಗೆ ಅದನ್ನ ನೋಡ್ತಾರೆ. ಪ್ಲಾಸ್ಮಾದ್ದು ಅದರ ದಾಯಾದಿ, ಬೇಗ ಬೀಳುತ್ತೆ ಬೇಗ ಏಳುತ್ತೆ, ಲಿವರ್ ತೊಂದರೆ ಇದ್ರೂ ಕಮ್ಮಿ ತೋರಿಸುತ್ತೆ. ಸಣ್ಣ ಲ್ಯಾಬಲ್ಲಿ ಸ್ಯಾಂಪಲ್ ತಗೊಂಡು ಬೇರೆ ಕಡೆ ಕಳಿಸ್ತಾರೆ, ರಿಪೋರ್ಟಿಗೆ ಎರಡು ದಿನ ಹಿಡಿದ್ರೂ ಪರವಾಗಿಲ್ಲ.

ಯಾಕೆ ಮುಂಚೆನೇ ಮಾಡ್ಸಬೇಕು ಅಂದ್ರೆ, ನಾರ್ಮಲ್ ಅಂತ ರಿಪೋರ್ಟಲ್ಲಿ ಬರೆಯೋ ರೇಂಜ್ ತುಂಬ ಅಗಲ. ಒಬ್ಬನಿಗೆ ಹುಟ್ಟಿನಿಂದ ಮೇಲಿನ ತುದಿಯಲ್ಲಿರುತ್ತೆ, ಅರ್ಧ ಬಿದ್ರೂ ರಿಪೋರ್ಟ್ ನಾರ್ಮಲ್ ಅನ್ನುತ್ತೆ. ಅದಕ್ಕೇ ಔಷಧಿ ಮುಟ್ಟದೇ ಒಂದೆರಡು ತಿಂಗಳು ಆಗಿರುವಾಗ ನಿಮ್ಮದೇ ನಂಬರ್ ತೆಗೆದಿಟ್ಕೊಂಡ್ರೆ ಆಮೇಲೆ ಹೋಲಿಸೋಕೆ ಆಗುತ್ತೆ, ಯಾವಾಗ್ಲೂ ಒಂದೇ ಲ್ಯಾಬಲ್ಲಿ ಮಾಡಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಔಷಧಿ ಹೊಡಿಯೋ ಕೆಲಸಗಾರರಿಗೆ ಇದು ಕಾನೂನೇ. ತನ್ನ ಮೂಲ ನಂಬರಿಂದ 20% ಬಿದ್ರೆ ಕೆಲಸ ಮಾಡೋ ರೀತಿಲಿ ಎಲ್ಲಿ ತಪ್ಪಿದೆ ಅಂತ ಹುಡುಕ್ಬೇಕು, ಕೆಂಪು ಕಣದ್ದು 30% ಅಥವಾ ಪ್ಲಾಸ್ಮಾದ್ದು 40% ಬಿದ್ರೆ ಔಷಧಿ ಕೆಲಸದಿಂದ ತೆಗೀಬೇಕು, ಮತ್ತೆ 80% ಮುಟ್ಟೋವರೆಗೆ ವಾಪಸ್ ಹಾಕೋ ಹಾಗಿಲ್ಲ. ನಮ್ಮ ತೋಟದಲ್ಲಿ ಈ ಲೆಕ್ಕವನ್ನೇ ಇಟ್ಕೊಂಡಿದೀನಿ, ಯಾರೂ ಕೇಳದಿದ್ರೂ.

ಇನ್ನೊಂದು, ನನಗೆ ಒಗ್ಗಿದೆ ಏನಾಗಲ್ಲ ಅನ್ನೋರು ಊರಿಗೆ ಹತ್ತು ಜನ ಇರ್ತಾರೆ. ಅವರ ಮಾತು ಅರ್ಧ ಸತ್ಯ. ಕಿಣ್ವ ನಿಧಾನಕ್ಕೆ ದಿನಾ ಸ್ವಲ್ಪ ಸ್ವಲ್ಪ ಬಿದ್ರೆ ದೇಹ ಹೊಂದ್ಕೊಳುತ್ತೆ, ಲಕ್ಷಣ ಕಾಣಲ್ಲ, ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಹೋದ್ಮೇಲೇ ಎದ್ದು ಕಾಣೋದು. ಆದ್ರೆ ಅಷ್ಟೊತ್ತಿಗೆ ಖಜಾನೆ ಖಾಲಿ ಆಗಿರುತ್ತೆ, ಆಮೇಲೆ ಒಂದೇ ಒಂದು ದಿನದ ಸಣ್ಣ ಸೋರಿಕೆ ಸಾಕು ಮನುಷ್ಯನ್ನ ಮಲಗ್ಸೋಕೆ.

ಇಲಿ ಸಂಶೋಧನೆ ಓದುವಾಗ

ಪೇಪರಲ್ಲಿ ಆಗಾಗ ಬರುತ್ತಲ್ಲ, ಮಿದುಳಿನ ಕಿಣ್ವ ತಡೆದಾಗ ಇಲಿಗಳ ಚಲನೆ ಕೆಟ್ಟಿತು ಅಂತ. ಇದನ್ನ ಅಳೆಯೋದು ಹೇಗೆ ಅಂತ ನೋಡಿದ್ರೆ ತಮಾಷೆ, ತಿರುಗೋ ಒಂದು ಕೋಲಿನ ಮೇಲೆ ಇಲಿ ಕೂರಿಸ್ತಾರೆ, ಬೀಳದೇ ಎಷ್ಟು ಸೆಕೆಂಡ್ ನಡೀತು ಅಂತ ಲೆಕ್ಕ. ರೋಟರಾಡ್ ಅಂತ ಹೆಸರು, 1957ರಲ್ಲಿ ಡನ್‌ಹ್ಯಾಮ್ ಮತ್ತು ಮಿಯಾ ಅನ್ನೋರು ಬರೆದ ಪುಟ್ಟ ಲೇಖನದಿಂದ ಎಲ್ಲಾ ಕಡೆ ಹರಡಿದ್ದು. ಇಂಥದ್ದು ಓದುವಾಗ ಮೂರು ವಿಷಯ ಹುಡುಕಿ: ಇಲಿಗೆ ಕೊಟ್ಟಿದ್ದು ಬಾಯಿಗೋ ಚರ್ಮಕ್ಕೋ, ಒಂದೇ ಸಲವೋ ದಿನಾ ಸ್ವಲ್ಪವೋ, ಬಿದ್ದಾಗ ಮಿದುಳಿನ ಕಿಣ್ವ ಎಷ್ಟು ಉಳಿದಿತ್ತು. ಈ ಮೂರು ಇಲ್ಲದ ಸುದ್ದಿ ನೋಡಿ ಹೆದರೋದೂ ಬೇಡ, ಉದಾಸೀನವೂ ಬೇಡ.

ಕಿಣ್ವ ತಡೆಯೋದೆಲ್ಲ ವಿಷ ಅಂತಾನೂ ಅಲ್ಲ. ಮರೆವಿನ ಕಾಯಿಲೆ ಇರೋ ವಯಸ್ಸಾದವರಿಗೆ ಕೊಡೋ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮಾತ್ರೆಗಳು ಇದೇ ಕಿಣ್ವವನ್ನ ಅಳತೆ ಮಾಡಿ ತಡೀತವೆ, ಮಾಂಸಖಂಡ ಸೋಲೋ ಮಯಸ್ತೀನಿಯಾ ಕಾಯಿಲೆ ಇರೋರಿಗೆ ಕೊಡೋ ಪಿರಿಡೋಸ್ಟಿಗ್ಮಿನ್ ಕೂಡ. ಮನೇಲಿ ಅಂಥ ಮಾತ್ರೆ ತಗೊಳೋರಿದ್ರೆ ಅವರನ್ನ ಔಷಧಿ ಹೊಡೆದ ಜಾಗಕ್ಕೆ ಬಿಡ್ಬೇಡಿ, ಒಂದೇ ಆಳಿನ ಕೈಗೆ ಎರಡು ಹಗ್ಗ ಆಗುತ್ತೆ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ.

ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ

ಈಗ ನಿಜವಾದ ಪದ್ಧತಿ. ಇಲಿಗೆ ಕೋಲು ಇದ್ದಂಗೆ ನಮಗೆ ಕಣದ ಸಿಮೆಂಟ್ ಗೆರೆ ಇದೆ. ಔಷಧಿ ಕೆಲಸಕ್ಕೆ ಹೋಗೋರು ಬೆಳಗ್ಗೆ ಆ ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸ್ಕೊಂಡು ಹತ್ತು ಹೆಜ್ಜೆ ನಡೀಬೇಕು, ಫೋನಲ್ಲಿ ವಿಡಿಯೋ ಮಾಡ್ಕೊತೀನಿ. ಆಮೇಲೆ ಕಾಲು ಜೋಡಿಸಿ ಕಣ್ಣು ಮುಚ್ಚಿ ಮೂವತ್ತು ಎಣಿಸೋವರೆಗೆ ನಿಲ್ಲೋದು, ಪಕ್ಕದಲ್ಲಿ ಒಬ್ಬರು ಹಿಡಿಯೋಕೆ ರೆಡಿ ಇರ್ಬೇಕು. ಆಮೇಲೆ ತೋರುಬೆರಳಿಂದ ನನ್ನ ಬೆರಳು ಮುಟ್ಟಿ ತನ್ನ ಮೂಗು ಮುಟ್ಟೋದು, ಐದು ಸಲ. ಕೊನೆಗೆ ಹಾಜರಿ ಪುಸ್ತಕ, ಅಂದ್ರೆ ಚೆಕ್‌ರೋಲಲ್ಲಿ ಸೈನ್. ಸಂಜೆ ಬಟ್ಟೆ ಬದಲಾಯಿಸಿ ಸ್ನಾನ ಆದ್ಮೇಲೆ ಮತ್ತೆ ಅಷ್ಟೂ, ಸೈನ್ ಸಮೇತ.

ಸೈನ್ ವಿಷಯ ನನಗೆ ಹೊಳೆದಿದ್ದು ಮಂಜಣ್ಣನಿಂದಲೇ. ಆ ದಿನ ಬೆಳಗ್ಗೆ ಅವನು ಹಾಕಿದ್ದ ಸೈನಲ್ಲಿ ಮ ಅಕ್ಷರ ಗುಂಡಗೆ ಮುದ್ದಾಗಿ ಇದೆ, ಮಧ್ಯಾಹ್ನ ಅಡ್ವಾನ್ಸ್ ಇನ್ನೂರು ತಗೊಂಡಾಗ ಹಾಕಿದ್ದು ನೋಡಿದ್ರೆ ಗೆರೆ ನಡುಗಿದೆ, ಅಕ್ಷರ ಗೆರೆಯಿಂದ ಕೆಳಗೆ ಜಾರಿದೆ. ಅಂದ್ರೆ ತಡಮೆ ಹತ್ರ ಮುಗ್ಗರಿಸೋಕೆ ಮೂರು ಗಂಟೆ ಮುಂಚೆನೇ ಕೈ ಹೇಳಿತ್ತು, ನಾವು ಓದ್ಲಿಲ್ಲ. ಇದು ರೋಗ ಪತ್ತೆ ಮಾಡೋ ಪರೀಕ್ಷೆ ಅಲ್ಲ, ದಣಿವಿಗೂ ಕೈ ನಡುಗುತ್ತೆ, ಆದ್ರೆ ಅದೇ ಮನುಷ್ಯನ ಬೆಳಗ್ಗೆಯ ಜೊತೆ ಸಂಜೆಯನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಕಣ್ಣಿಗೆ ಹೊಡಿಯುತ್ತೆ.

ವ್ಯತ್ಯಾಸ ಕಂಡ್ರೆ ತಕ್ಷಣ ಕಣ್ಣು ನೋಡಿ. ಇಬ್ಬರನ್ನ ಒಂದೇ ನೆರಳಲ್ಲಿ ಪಕ್ಕ ನಿಲ್ಲಿಸಿ, ಔಷಧಿ ಮುಟ್ಟದವನ ಪಾಪೆ ಜೊತೆ ಹೋಲಿಸಿ. ಸಾಸಿವೆ ಕಾಳಷ್ಟು ಚಿಕ್ಕದಾಗಿದ್ರೆ ಅನುಮಾನನೇ ಬೇಡ. ಆದ್ರೆ ಪಾಪೆ ಸರಿ ಇದೆ ಅಂತ ಬಿಡ್ಬೇಡಿ, ಚರ್ಮದಿಂದ ಹೋದಾಗ ಕೆಲವರಿಗೆ ಪಾಪೆ ಚಿಕ್ಕದಾಗೋದೇ ಇಲ್ಲ. ಜೊಲ್ಲು, ಕಣ್ಣೀರು, ವಿಪರೀತ ಬೆವರು, ಎದೇಲಿ ಸುಂಯ್ ಅನ್ನೋ ಶಬ್ದ, ವಾಂತಿ, ಭೇದಿ, ಮಾಂಸಖಂಡ ಅದುರೋದು, ಇವುಗಳಲ್ಲಿ ಎರಡು ಮೂರು ಸೇರಿದ್ರೆ ಹೊರಡಿ. ಬಿಸಿಲು ಹೊಡೆದ್ರೂ ಬೆವರಿ ತೂರಾಡ್ತಾರೆ, ಕುಡಿದ್ರೂ ತೂರಾಡ್ತಾರೆ, ಆದ್ರೆ ಅವೆರಡರಲ್ಲೂ ಸಾಮಾನ್ಯವಾಗಿ ಬಾಯಿ ಒಣಗಿರುತ್ತೆ, ಹೀಗೆ ಜೊಲ್ಲು ಸುರಿಯಲ್ಲ.

ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್ ಇಂಥವು ಇನ್ನೊಂದು ಮೋಸ ಮಾಡ್ತವೆ. ಒಳಗೆ ಹೋದ ರೂಪದಲ್ಲಿ ಅವು ಅಷ್ಟು ಜೋರಿಲ್ಲ, ಲಿವರ್ ಅವನ್ನ ಬೇರೆ ರೂಪಕ್ಕೆ ತಿರುಗಿಸಿದ್ಮೇಲೇ ಕಿಣ್ವ ಹಿಡಿಯೋದು. ಅದಕ್ಕೆ ಕೆಲಸ ಮುಗಿಸಿ ಚೆನ್ನಾಗೇ ಹೋದೋನು ರಾತ್ರಿ ಊಟ ಮಾಡುವಾಗ ಬೀಳ್ಬಹುದು. ಆಳುಗಳ ಲೈನ್ ಮನೇಲಿ ಹೆಂಡತಿ ಮಕ್ಕಳಿಗೆ ಈ ಲಕ್ಷಣ ಗೊತ್ತಿರ್ಬೇಕು, ಔಷಧಿ ಹೊಡೆದ ದಿನ ಬೈಕಲ್ಲಿ ಒಬ್ಬನೇ ಮನೆಗೆ ಹೋಗೋದು ಬೇಡ, ಒಂದು ಕ್ವಾರ್ಟರೂ ಬೇಡ, ಕುಡಿದ್ರೆ ಯಾವುದು ಯಾವುದರಿಂದ ಅಂತ ಯಾರಿಗೂ ಗೊತ್ತಾಗಲ್ಲ.

ವಿಷ ತಗುಲಿದ್ರೆ ಏನ್ ಮಾಡ್ಬೇಕು

ಬಟ್ಟೆ ಬಿಚ್ಚಿಸಿ, ಪೂರ್ತಿ, ನಾಚಿಕೆ ಬಿಡಿ. ಸೋಪು ಹಾಕಿ ನೀರಲ್ಲಿ ಹದಿನೈದಿಪ್ಪತ್ತು ನಿಮಿಷ ತೊಳೀರಿ, ತಲೆಕೂದಲು, ಉಗುರು ಸಂದಿ, ಕಂಕುಳು, ತೊಡೆ ಸಂದಿ ಬಿಡ್ಬೇಡಿ, ತೊಳಿಯೋರು ಗ್ಲೌಸ್ ಹಾಕ್ಕೊಂಡೇ ತೊಳೀಬೇಕು. ಉಸಿರು ಕಷ್ಟ ಆಗ್ತಿದ್ರೆ ಸ್ನಾನ ಮಾಡಿಸ್ತಾ ಕೂರ್ಬೇಡಿ, ಬಟ್ಟೆ ಕಿತ್ತು, ಮೇಲೆ ಮೇಲೆ ನೀರು ಹೊಯ್ದು, ಕಂಬಳಿ ಸುತ್ತಿ ಗಾಡಿಗೆ ಹಾಕಿ. ಎಡ ಮಗ್ಗುಲಿಗೆ ಮಲಗ್ಸಿ, ಬಾಯಲ್ಲಿ ನೊರೆ ಇದ್ರೆ ಬಟ್ಟೇಲಿ ಒರೆಸ್ತಾ ಇರಿ. ವಾಂತಿ ಮಾಡ್ಸೋಕೆ ಉಪ್ಪುನೀರು, ಹುಣಸೆಹಣ್ಣು, ಮಜ್ಜಿಗೆ, ಹಾಲು, ನಿಂಬೆಹಣ್ಣು ಏನೂ ಕುಡಿಸ್ಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಔಷಧಿಗಿಂತ ಬೇಗ ಕೊಲ್ಲುತ್ತೆ. 108ಕ್ಕೆ ಫೋನ್ ಮಾಡಿ, ಆದ್ರೆ ನಮ್ಮ ಘಾಟಿ ಬದಿ ಊರುಗಳಿಗೆ ಅದು ಬರೋದ್ರೊಳಗೆ ಎದುರಿಗೆ ನಿಮ್ಮ ಜೀಪಲ್ಲೇ ಹೊರಟು ದಾರೀಲಿ ಸಿಗೋದು ಒಳ್ಳೇದು. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಟೋಲ್‌ಫ್ರೀ ನಂಬರ್ 1800 116 117, ಡಾಕ್ಟರ್‌ಗಳೂ ಅಲ್ಲಿ ಕೇಳ್ಬಹುದು.

ಡಬ್ಬಿ ತಗೊಂಡೇ ಹೋಗಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ. ನಾವು ಮೊದ್ಲು ಹೋದ ಒಂದು ಕ್ಲಿನಿಕ್ಕಲ್ಲಿ ಹೊಟ್ಟೆನೋವು ವಾಂತಿ ಅಂದಿದ್ದಕ್ಕೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸ್ತಿದ್ರು, ತಪ್ಪು ಅವರದ್ದು ಎಷ್ಟೋ ನಮ್ಮದೂ ಅಷ್ಟೇ, ಔಷಧಿ ಹೊಡೀತಿದ್ದ ಅನ್ನೋ ಮಾತನ್ನೇ ನಾವು ಮೊದ್ಲು ಹೇಳ್ಲಿಲ್ಲ. ಬಾಗಿಲಲ್ಲೇ ಹೇಳ್ಬೇಕಾದ ಮಾತು ಹೀಗಿರ್ಬೇಕು: ಇಂಥ ಔಷಧಿ, ಬೆಳಗ್ಗೆ ಇಷ್ಟೊತ್ತಿಂದ ಇಷ್ಟೊತ್ತಿನವರೆಗೆ ಹೊಡೆದಿದ್ದಾನೆ, ಬೆನ್ನು ಒದ್ದೆ ಆಗಿತ್ತು, ಲಕ್ಷಣ ಶುರು ಆಗಿದ್ದು ಇಷ್ಟೊತ್ತಿಗೆ, ಡಬ್ಬಿ ಇಲ್ಲಿದೆ. ಅಲ್ಲಿಂದ ಚಿಕ್ಕಮಗಳೂರಿಗೆ ಮೂವತ್ತು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪೇ ಇಲ್ಲ. ಅಲ್ಲಿ ಡಬ್ಬಿ ನೋಡಿದ ತಕ್ಷಣ ಅಟ್ರೋಪಿನ್ ಶುರು ಮಾಡಿದ್ರು, ಸ್ವಲ್ಪ ಹೊತ್ತಿಗೆ ಎದೆ ಶಬ್ದ ಇಳೀತು. ಅಟ್ರೋಪಿನ್ ಚೀಲ ಎತ್ತಲ್ಲ, ತಕ್ಕಡಿಗೆ ಮುಚ್ಚಳ ಹಾಕುತ್ತೆ ಅಷ್ಟೇ, ಅದೂ ಶ್ವಾಸಕೋಶ, ಹೃದಯ, ಹೊಟ್ಟೆ ಕಡೆ ತಕ್ಕಡಿಗಳಿಗೆ. ಮಾಂಸಖಂಡದ ತಕ್ಕಡಿಗೆ ಅದು ತಾಗಲ್ಲ, ಅದಕ್ಕೇ ಜೊಲ್ಲು ನಿಂತ್ರೂ ಕಾಲಿನ ಹಿಡಿತ ತಕ್ಷಣ ಬರಲ್ಲ.

ಹುಷಾರಾದ್ಮೇಲೂ ಎರಡು ಗಂಡಾಂತರ

ಮೊದಲನೇದು ಒಂದರಿಂದ ನಾಲ್ಕು ದಿನದೊಳಗೆ. ಜೊಲ್ಲು ಬೆವರು ಎಲ್ಲ ನಿಂತು ಮನೆಗೆ ಕರ್ಕೊಂಡ್ ಹೋಗೋಣ ಅನ್ನುವಾಗ ಕುತ್ತಿಗೆ ಸೋಲುತ್ತೆ, ಆಮೇಲೆ ಉಸಿರಾಟದ ಖಂಡಗಳು. 1987ರಲ್ಲಿ ಶ್ರೀಲಂಕಾದ ಸೇನಾನಾಯಕ, ಕರಳ್ಳಿಯೆದ್ದೆ ಅನ್ನೋ ಇಬ್ಬರು ಡಾಕ್ಟರ್‌ಗಳು ಇದನ್ನ ಬೇರೆ ಮಾಡಿ ಗುರುತಿಸಿ ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಅಂತ ಹೆಸರಿಟ್ರು. ವಾರ್ಡಲ್ಲಿ ನರ್ಸ್ ದಿನಕ್ಕೆ ನಾಲ್ಕು ಸಲ ಬಂದು, ಸ್ವಾಮಿ ದಿಂಬಿಂದ ತಲೆ ಎತ್ತಿ ನೋಡೋಣ, ಅನ್ನೋರು. ಅವನು ಎತ್ತಿದಾಗೆಲ್ಲ ಸರಿ ಅಂತ ಬರ್ಕೊಂಡು ಹೋಗೋರು, ನನಗೆ ಅದು ಏನು ಆಟ ಅಂತ ಆಗ ಗೊತ್ತಿರ್ಲಿಲ್ಲ. ಹಾಗಾಗಿ ಎರಡನೇ ದಿನಕ್ಕೇ ಬಿಲ್ಲಿಗೆ ಹೆದರಿ ಡಿಸ್ಚಾರ್ಜ್ ಕೇಳ್ಬೇಡಿ.

ಎರಡನೇದು ಎರಡು ಮೂರು ವಾರ ಆದ್ಮೇಲೆ, ಎಲ್ಲರಿಗೂ ಬರಲ್ಲ, ಎಲ್ಲಾ ಔಷಧಿಯಿಂದಲೂ ಬರಲ್ಲ. ಇದರ ಕಥೆಯಲ್ಲಿ ನಮ್ಮ ಹಾಸನ ಜಿಲ್ಲೆಯವರಿಗೆ ಪರಿಚಯದ ಶುಂಠಿ ಬರುತ್ತೆ. 1930ರಲ್ಲಿ ಅಮೆರಿಕದಲ್ಲಿ ಪಾನನಿಷೇಧ, ಜನ ಜಮೈಕಾ ಶುಂಠಿ ಕಷಾಯ ಅಂತ ಔಷಧಿ ಅಂಗಡೀಲಿ ಸಿಗ್ತಿದ್ದ ಸ್ಪಿರಿಟನ್ನೇ ಕುಡೀತಿದ್ರು. ಸರ್ಕಾರಿ ತಪಾಸಣೆ ತಪ್ಪಿಸೋಕೆ ಮಾರೋರು ಅದಕ್ಕೆ ಟ್ರೈ ಆರ್ಥೋ ಕ್ರೆಸಿಲ್ ಫಾಸ್ಫೇಟ್ ಅನ್ನೋ ಎಣ್ಣೆ ಬೆರೆಸಿದ್ರು. ಕೆಲವೇ ವಾರದಲ್ಲಿ ಹತ್ತಾರು ಸಾವಿರ ಜನರ ಪಾದ ಸೋತು ಜೋತುಬಿತ್ತು, ಮಂಡಿ ಎತ್ತಿ ಎತ್ತಿ ಪಾದ ನೆಲಕ್ಕೆ ಬಡಿಯೋ ಹಾಗೆ ನಡಿಯೋರು, ಬಹಳ ಜನಕ್ಕೆ ಅದು ಜೀವನಪೂರ್ತಿ ಉಳೀತು. ಅಲ್ಲಿ ಕೆಟ್ಟಿದ್ದು ಚೀಲ ಎತ್ತೋ ಕಿಣ್ವ ಅಲ್ಲ, ನರದ ಉದ್ದದ ತಂತಿಯನ್ನ ಕಾಯೋ ಇನ್ನೊಂದು ಕಿಣ್ವ, ಅದನ್ನ ಇಂಗ್ಲೆಂಡಿನ ಮಾರ್ಟಿನ್ ಜಾನ್ಸನ್ ಪತ್ತೆ ಮಾಡಿದ್ದು 1969ರಲ್ಲಿ. ಇಲಿಗಳಲ್ಲಿ ಇದು ಸರಿಯಾಗಿ ಕಾಣಲ್ಲ ಅಂತ ಇವತ್ತಿಗೂ ಈ ಪರೀಕ್ಷೆಗೆ ಕೋಳಿಗಳನ್ನ ಬಳಸ್ತಾರೆ, ಕೋಳಿ ನಡಿಗೆ ನೋಡಿ ನಂಬರ್ ಹಾಕ್ತಾರೆ. ಕ್ಲೋರ್‌ಪೈರಿಫಾಸ್ ತುಂಬಾ ಜಾಸ್ತಿ ಒಳಗೆ ಹೋದೋರಲ್ಲೂ ಇದು ಕಂಡಿದೆ. ಅದಕ್ಕೆ ಒಂದು ತಿಂಗಳವರೆಗೆ ಅಂಗಾಲು ಜುಂ ಅನ್ನುತ್ತಾ, ಮೀನಖಂಡ ಹಿಡಿಯುತ್ತಾ, ಚಪ್ಪಲಿ ಕಾಲಿಂದ ತಾನಾಗೇ ಜಾರುತ್ತಾ ಅಂತ ಕೇಳ್ತಾ ಇರಿ, ಹೌದು ಅಂದ್ರೆ ನರರೋಗದ ಡಾಕ್ಟರ್ ಹತ್ರ ಹೋಗಿ. ಇದರ ನಡುವೆ ಯಾವುದಾದ್ರೂ ಆಪರೇಷನ್ ಬಂದ್ರೆ ಅನಸ್ತೇಶಿಯಾ ಕೊಡೋ ಡಾಕ್ಟರ್‌ಗೆ ಹೇಳಿ, ಅವರು ಬಳಸೋ ಸಕ್ಸಿನೈಲ್‌ಕೋಲಿನ್ ಒಡೆಯೋದೂ ಪ್ಲಾಸ್ಮಾದ ಆ ದಾಯಾದಿ ಕಿಣ್ವನೇ.

ಮತ್ತೆ ಕೆಲಸಕ್ಕೆ ಯಾವಾಗ

ಕೆಂಪು ಕಣದ ಕಿಣ್ವ ದಿನಕ್ಕೆ ಸುಮಾರು 1% ಲೆಕ್ಕದಲ್ಲಿ ಏರುತ್ತೆ, ಯಾಕಂದ್ರೆ ಹಳೇ ಕಣ ಹೋಗಿ ಹೊಸ ಕಣ ಬರ್ಬೇಕು, ಒಂದು ಕಣದ ಆಯಸ್ಸು 120 ದಿನ. ಅರ್ಧ ಬಿದ್ದಿದ್ರೆ ಒಂದು ತಿಂಗಳಲ್ಲಿ ಮತ್ತೆ ಸ್ಪ್ರೇಯರ್ ಹೊರೋದು ಮೂರ್ಖತನ. ಮಂಜಣ್ಣನದ್ದು ಹಳೇ ನಂಬರ್ ನಮ್ಮ ಹತ್ರ ಇರ್ಲಿಲ್ಲ, ಅದಕ್ಕೆ ಡಾಕ್ಟರ್ ತಿಂಗಳಿಗೊಂದು ಸಲ ಮಾಡಿಸಿ, ಏರೋದು ನಿಂತು ಒಂದೇ ಮಟ್ಟದಲ್ಲಿ ಬಂದ್ರೆ ಅದೇ ಅವನ ಮೂಲ ಅಂತ ಹೇಳಿದ್ರು. ಡಿಸೆಂಬರ್, ಜನವರಿ ಎರಡೂ ತಿಂಗಳು ಏರ್ತಾನೇ ಇತ್ತು, ಫೆಬ್ರವರೀಲೂ ಏರಿತು, ಮಾರ್ಚಲ್ಲಿ ನಿಂತಿತು. ಶಬರಿಮಲೆಗೆ ಆ ವರ್ಷ ಹೋಗೋಕಾಗ್ಲಿಲ್ಲ ಅಂತ ಅವನಿಗೆ ಇನ್ನೂ ಬೇಜಾರಿದೆ.

ಔಷಧಿ ಕಮ್ಮಿ ಮಾಡೋ ದಾರಿನೂ ಹಿಡಿದಿದೀವಿ. ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯೋದು, ನೆರಳು ಸರಿಯಾಗಿ ಉಳಿಸ್ಕೊಳೋದು, ಕೊರಕ ಬಿದ್ದ ಗಿಡ ಕಿತ್ತು ಸುಡೋದು, ಇವೆಲ್ಲ ಹಳೇ ಕಾಲದಿಂದ ಹೇಳ್ತಾ ಬಂದಿರೋದೇ. ಈಗ ಯಾವ ಔಷಧಿಗೆ ಒಪ್ಪಿಗೆ ಇದೆ, ಎಷ್ಟು ಅನ್ನೋದನ್ನ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನೇ ಕೇಳಿ, ಪಟ್ಟಿ ಬದಲಾಗ್ತಾ ಇರುತ್ತೆ, ಅಂಗಡಿಯವನ ಲೆಕ್ಕ ಬೇಡ.

ಹೊಡೆಯೋದು ಅನಿವಾರ್ಯ ಆದ ತಾಕಿಗೆ ಈಗ ಸ್ಪ್ರೇಯರ್ ಹೊರೋದು ನಾನೇ, ಮಂಜಣ್ಣನಿಗೆ ತೊಗಟೆ ಉಜ್ಜೋ ಕೆಲಸ. ಸಂಜೆ ಸ್ನಾನ ಮುಗಿಸ್ಕೊಂಡು ಕಣಕ್ಕೆ ಬಂದ್ರೆ ಚೆಕ್‌ರೋಲ್ ಹಿಡ್ಕೊಂಡು ಅವನು ನಿಂತಿರ್ತಾನೆ. ಹೋದ ವರ್ಷ ಒಂದಿನ ನನ್ನ ಸೈನ್ ನೋಡಿ, ಬಾಲ ಸರಿಯಾಗಿ ಎಳೀಲಿಲ್ಲ ಅಣ್ಣ ಇನ್ನೊಂದ್ಸಲ ಗೆರೆ ಮೇಲೆ ನಡೀರಿ, ಅಂದ. ನಡೆದೆ.